ಕತ್ತರಿ ಬೇಡವಾದ ಬತ್ತಿ

ಗಾಜಿನ ಲೋಟದಲ್ಲಿ ಬರುವ ಸುವಾಸನೆಯ ಮೇಣದಬತ್ತಿಯನ್ನು ತಿರುಗಿಸಿ ನೋಡಿದರೆ ತಳದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಪ್ರತಿ ಸಲ ಹಚ್ಚುವ ಮೊದಲು ದಾರವನ್ನು 6 ಮಿಲಿಮೀಟರ್ ಉಳಿಯುವಂತೆ ಕತ್ತರಿಸಿ, ಒಂದೇ ಸಮನೆ ನಾಲ್ಕು ಗಂಟೆಗಿಂತ ಹೆಚ್ಚು ಉರಿಸಬೇಡಿ, ಪರದೆಯಿಂದಲೂ ಮಕ್ಕಳಿಂದಲೂ ದೂರ ಇಡಿ, ಅರ್ಧ ಇಂಚು ಮೇಣ ಉಳಿದಾಗ ಆರಿಸಿಬಿಡಿ. ಓದಿದವರಿಗೆ ಇದೆಲ್ಲ ಅಜ್ಜಿಯ ಕಾಲದಿಂದ ಬಂದ ತಿಳಿವಳಿಕೆ ಅನ್ನಿಸುವುದು ಸಹಜ. ಆದರೆ ಮೇಣದಬತ್ತಿಯ ಚರಿತ್ರೆಯಲ್ಲಿ ಅಜ್ಜಿಗೂ ಮೊಮ್ಮಗಳಿಗೂ ನಡುವೆ ದೊಡ್ಡದೊಂದು ಬಿರುಕಿದೆ. 1860ರ ಲಂಡನ್ನಿನಲ್ಲಿ ಸಂಸಾರ ಮಾಡುತ್ತಿದ್ದ ಹೆಂಗಸಿಗೆ ಈ ಚೀಟಿಯ ಮೊದಲ ಸಾಲು ಬೆರಗು ತರುತ್ತಿತ್ತು, ಏಕೆಂದರೆ ಅವಳ ಬತ್ತಿಗೆ ಕತ್ತರಿಯೇ ಬೇಕಿರಲಿಲ್ಲ. ಅದೇ ಸಾಲನ್ನು ಅವಳ ಅಜ್ಜಿಗೆ ಓದಿ ಹೇಳಿದ್ದರೆ, ದಿನಕ್ಕೊಂದು ಸಲ ಸಾಕೇ ಎಂದು ಆಕೆ ನಕ್ಕುಬಿಡುತ್ತಿದ್ದಳು. ಅಜ್ಜಿಯ ಕಾಲದಲ್ಲಿ ಹತ್ತು ನಿಮಿಷಕ್ಕೊಮ್ಮೆ ಮಾಡಬೇಕಾಗಿದ್ದ ಕೆಲಸ ಮೊಮ್ಮಗಳ ಕಾಲಕ್ಕೆ ಇಲ್ಲವಾಗಿ, ನಮ್ಮ ಕಾಲದಲ್ಲಿ ಚೀಟಿಯ ರೂಪದಲ್ಲಿ ಮರಳಿ ಬಂದಿದೆ. ಹೀಗೇಕಾಯಿತು ಎಂದು ಹುಡುಕುತ್ತ ಹೋದರೆ, ದೀಪದ ಬಗ್ಗೆ ಎಚ್ಚರ ಎಂದು ನಾವು ಕರೆಯುವುದು ಬಹುಪಾಲು ಬತ್ತಿ ಮಾಡುವವನು ಮಾಡದೆ ಉಳಿಸಿದ ಕೆಲಸ ಎಂಬುದು ಗೊತ್ತಾಗುತ್ತದೆ. ಮಾಡುವವನು ಅದನ್ನು ತಾನೇ ಮಾಡಿ ಮುಗಿಸಿದಾಗ ಮನೆಗಳು ಕ್ಷೇಮವಾದವು. ಬರೀ ಎಚ್ಚರದಿಂದ ಅವು ಹಾಗಾಗಿದ್ದು ಕಡಿಮೆ.

ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಸಾಮಾನ್ಯರು ಉರಿಸುತ್ತಿದ್ದುದು ಮೇಣವನ್ನಲ್ಲ, ಕುರಿ ಮತ್ತು ದನದ ಕೊಬ್ಬನ್ನು. ಜೇನುಮೇಣ ಚರ್ಚಿಗೆ, ಅರಮನೆಗೆ, ಹಣವಂತರಿಗೆ. ಲಂಡನ್ನಿನಲ್ಲಿ ಈ ಎರಡು ಕಸುಬಿನವರ ಸಂಘಗಳೂ ಬೇರೆಬೇರೆ. ಕೊಬ್ಬಿನ ಬತ್ತಿಯವರಿಗೆ 1462ರಲ್ಲಿ, ಮೇಣದವರಿಗೆ 1484ರಲ್ಲಿ ರಾಜನ ಸನ್ನದು ಸಿಕ್ಕಿತು. ಕೊಬ್ಬಿನ ಬತ್ತಿಯ ಗುಣವೇ ಬೇರೆ. ಕೈಯಲ್ಲಿ ಹಿಡಿದರೆ ಜಿಡ್ಡು, ಬೇಸಿಗೆಯಲ್ಲಿ ಮೆತ್ತಗೆ ಬಾಗುತ್ತದೆ, ಇಲಿ ತಿನ್ನುತ್ತದೆ, ಆರಿಸಿದರೆ ಕಮಟು ವಾಸನೆ. ಇವನ್ನೆಲ್ಲ ಸಹಿಸಬಹುದಿತ್ತು. ನಿಜವಾದ ತೊಂದರೆ ಇದ್ದುದು ನಡುವಿನ ದಾರದಲ್ಲಿ. ಹೊಸೆದ ಹತ್ತಿಯ ಆ ದಾರ ಉರಿಯ ಒಳಗೆ ನೆಟ್ಟಗೆ ನಿಲ್ಲುತ್ತಿತ್ತು. ಉರಿಯ ನಡುಭಾಗಕ್ಕೆ ಗಾಳಿ ಮುಟ್ಟುವುದಿಲ್ಲವಾದ್ದರಿಂದ ದಾರ ಅಲ್ಲಿ ಸುಟ್ಟು ಬೂದಿಯಾಗದೆ ಇದ್ದಿಲಾಗಿ ನಿಲ್ಲುತ್ತಿತ್ತು. ಕೊಬ್ಬು ಕರಗಿ ಇಳಿದಂತೆ ಕರಿ ಉದ್ದವಾಗಿ, ತುದಿಯಲ್ಲಿ ಅಣಬೆಯಂತೆ ಗಂಟು ಕಟ್ಟಿ, ಹೊಗೆ ಎದ್ದು, ಬೆಳಕು ಕೆಂಪಗೆ ಕುಗ್ಗುತ್ತಿತ್ತು. ಕೊನೆಗೊಮ್ಮೆ ಆ ಕೆಂಡ ಮುರಿದು ಕರಗಿದ ಕೊಬ್ಬಿನ ಮೇಲೆ ಬಿದ್ದರೆ ಅಂಚು ಒಡೆದು ಕೊಬ್ಬು ಧಾರೆಯಾಗಿ ಸೋರುವುದು. ಹೊರಗೆ ಬಿದ್ದರೆ ಕೆಳಗಿದ್ದ ಬಟ್ಟೆಗೋ ಕಾಗದಕ್ಕೋ ಕಿಡಿ.

ಇದಕ್ಕೆ ಇದ್ದ ಉಪಾಯ ಒಂದೇ, ಕರಿಯನ್ನು ಆಗಾಗ ಕತ್ತರಿಸುವುದು. ಅದಕ್ಕೆಂದೇ ಬೇರೆ ಕತ್ತರಿಯಿತ್ತು. ಒಂದು ಅಲಗಿನ ಮೇಲೆ ಪುಟ್ಟ ಡಬ್ಬಿ, ಕತ್ತರಿಸಿದ ಕೆಂಡ ಹೊರಗೆ ಬೀಳದೆ ಅದರೊಳಗೆ ಹೋಗಿ ಆರಲಿ ಎಂದು. ಮೇಜಿನ ಮೇಲೆ ಮಲಗಿಸಿದಾಗ ಅಲಗು ತಾಗದಂತೆ ಅಡಿಯಲ್ಲಿ ಮೂರು ಗಿಡ್ಡ ಕಾಲು. ಉಳ್ಳವರ ಮನೆಯಲ್ಲಿ ಇದು ಬೆಳ್ಳಿಯದು, ಅದಕ್ಕೊಂದು ತಟ್ಟೆಯೂ ಉಂಟು. ಈ ಕತ್ತರಿಯನ್ನು ಎಷ್ಟು ಸಲ ಎತ್ತಿಕೊಳ್ಳಬೇಕಾಗಿತ್ತು ಎಂಬುದಕ್ಕೆ ಅಳತೆಯ ಸಾಕ್ಷ್ಯವೇ ಇದೆ. ಕೌಂಟ್ ರಮ್‌ಫರ್ಡ್ ಎಂದು ಹೆಸರಾದ ಬೆಂಜಮಿನ್ ಥಾಂಪ್ಸನ್ 1794ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬೆಳಕನ್ನು ಅಳೆಯುವ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಆಗತಾನೆ ಕರಿ ಕತ್ತರಿಸಿದ ಕೊಬ್ಬಿನ ಬತ್ತಿಯ ಬೆಳಕು 100 ಎಂದುಕೊಂಡರೆ, ಮುಟ್ಟದೆ ಬಿಟ್ಟ 11 ನಿಮಿಷಕ್ಕೆ ಅದು 39ಕ್ಕೆ ಇಳಿಯುತ್ತದೆ. ಇನ್ನೂ 8 ನಿಮಿಷ ಕಳೆದರೆ 23. ಮತ್ತೆ 10 ನಿಮಿಷಕ್ಕೆ 16. ಕತ್ತರಿ ಆಡಿಸಿದ ಕೂಡಲೇ ತಿರುಗಿ 100. ಈ ಅಂಕಿಗಳನ್ನು ಬೆಳಕಿನ ಲೆಕ್ಕವಾಗಿ ಮಾತ್ರ ಓದಿದರೆ ಸಾಲದು. ಅರ್ಧ ಗಂಟೆ ಕಣ್ಣು ತಪ್ಪಿದರೆ ಸಾಕು, ಆರರಲ್ಲಿ ಐದು ಪಾಲು ಬೆಳಕು ಹೋಗಿ ಆ ಜಾಗದಲ್ಲಿ ಬೀಳಲು ಕಾದ ಕೆಂಡ ಕೂತಿರುತ್ತಿತ್ತು. ಓದುವವರು, ಹೊಲಿಯುವವರು, ಮಗುವಿಗೆ ಹಾಲೂಡಿಸುತ್ತ ತೂಕಡಿಸುವವರು ಹತ್ತು ನಿಮಿಷಕ್ಕೊಮ್ಮೆ ಏಳುವುದು ಮನುಷ್ಯಮಾತ್ರರಿಂದ ಆಗುವ ಮಾತೇ? ಗಯಟೆಯಂಥ ಕವಿಯೂ ಕರಿ ತೆಗೆಯುವ ಈ ಪೀಡೆಯ ಮೇಲೆ ಒಂದು ಚುಟುಕ ಬರೆದ.

ಆಗದ ಕೆಲಸವನ್ನು ಮನುಷ್ಯರು ಇನ್ನೊಬ್ಬರ ಹೆಗಲಿಗೆ ದಾಟಿಸುತ್ತಾರೆ, ಕಾನೂನು ಅದಕ್ಕೆ ಮುದ್ರೆ ಒತ್ತುತ್ತದೆ. ಬ್ರಿಟನ್ನಿನ ಸಂಸತ್ತು 1707ರಲ್ಲಿ ಬೆಂಕಿ ತಡೆಯಲೆಂದು ಒಂದು ಕಾಯಿದೆ ಮಾಡಿತು. ಅದರ ಒಂದು ವಿಧಿ, ಬೆಂಕಿ ಆಕಸ್ಮಿಕವಾಗಿ ಹುಟ್ಟಿದ್ದರೆ ಮನೆಯ ಯಜಮಾನನ ಮೇಲೆ ಯಾರೂ ದಾವೆ ಹೂಡುವಂತಿಲ್ಲ ಎನ್ನುತ್ತದೆ. ಇನ್ನೊಂದು ವಿಧಿ, ಆಳಿನ ಅಜಾಗ್ರತೆಯಿಂದ ಮನೆಗೆ ಬೆಂಕಿ ಬಿದ್ದರೆ ಆ ಆಳು 100 ಪೌಂಡ್ ದಂಡ ತೆರಬೇಕು, ತೆರಲಾಗದಿದ್ದರೆ 18 ತಿಂಗಳು ಕಠಿಣ ದುಡಿಮೆಯ ಸೆರೆ ಎನ್ನುತ್ತದೆ. ಆ ಕಾಲದ ಮನೆಗೆಲಸದ ಹುಡುಗಿಗೆ 100 ಪೌಂಡ್ ಎಂದರೆ ಹತ್ತಾರು ವರ್ಷದ ಸಂಬಳ, ಆದ್ದರಿಂದ ದಂಡ ಎಂಬ ಮಾತು ಬರೀ ನೆಪ, ಶಿಕ್ಷೆ ಸೆರೆಯೇ. ಒಂದೇ ಕಾಯಿದೆ, ಒಂದೇ ಬೆಂಕಿ. ಯಜಮಾನನಿಗಾದರೆ ಅದು ಆಕಸ್ಮಿಕ, ಆಳಿಗಾದರೆ ಅಜಾಗ್ರತೆ. 1774ರಲ್ಲಿ ಕಾಯಿದೆಯನ್ನು ಹೊಸದಾಗಿ ಬರೆದಾಗಲೂ ಈ ಎರಡು ನಾಲಿಗೆ ಹಾಗೆಯೇ ಉಳಿಯಿತು. ಜೊನಾಥನ್ ಸ್ವಿಫ್ಟ್ ಸತ್ತ 1745ರಲ್ಲಿ ಅಚ್ಚಾದ, ಸೇವಕರಿಗೆ ಉಪದೇಶ ಹೇಳುವ ಅವನ ವಿಡಂಬನೆಯಲ್ಲಿ ಬತ್ತಿ ಆರಿಸುವ ಬಗೆಗಳದೇ ಒಂದು ಪಟ್ಟಿಯಿದೆ. ಗೋಡೆಯ ಹಲಗೆಗೆ ಒತ್ತಿ ಆರಿಸುವುದು, ನೆಲಕ್ಕೆ ಹಾಕಿ ತುಳಿಯುವುದು, ತಲೆಕೆಳಗೆ ಹಿಡಿದು ಅದರ ಕೊಬ್ಬಿನಲ್ಲೇ ಉಸಿರು ಕಟ್ಟಿಸುವುದು. ನಗು ಬರುವಂತೆ ಬರೆದಿದ್ದಾನೆ, ನಿಜ. ಆದರೆ ದಿನವಿಡೀ ದುಡಿದು ಬಂದ ಆಳು ರಾತ್ರಿ ಹತ್ತು ಬತ್ತಿಗಳ ಕರಿ ತೆಗೆಯುತ್ತ ನಿಂತಿರಬೇಕಾದ ಮನೆಯಲ್ಲಿ ಅಜಾಗ್ರತೆ ಯಾರ ಸೃಷ್ಟಿ ಎಂಬ ಪ್ರಶ್ನೆಯನ್ನು ಆ ನಗು ಮುಟ್ಟುವುದಿಲ್ಲ.

ಬಡವರ ದೀಪದ ಕತೆ ಇದಕ್ಕಿಂತ ಸ್ವಾರಸ್ಯದ್ದು. 1709ರ ಕಾಯಿದೆಯಿಂದ ಬ್ರಿಟನ್ನಿನಲ್ಲಿ ಬತ್ತಿಗಳ ಮೇಲೆ ಸುಂಕ ಬಿತ್ತು. ಪರವಾನಗಿ ಇಲ್ಲದೆ ಮನೆಯಲ್ಲಿ ಬತ್ತಿ ಎರೆದುಕೊಳ್ಳುವುದು ಅಪರಾಧವಾಯಿತು. ಆದರೆ ಅಡುಗೆಮನೆಯ ಜಿಡ್ಡಿನಲ್ಲಿ ಒಮ್ಮೆ ಮಾತ್ರ ಅದ್ದಿದ ಜೊಂಡಿನ ದೀಪಕ್ಕೆ ವಿನಾಯಿತಿ ಇತ್ತು. ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1775ರ ಪತ್ರವೊಂದರಲ್ಲಿ ಇದನ್ನು ಮಾಡುವ ಬಗೆಯನ್ನು ಬಿಡಿಸಿ ಬರೆದಿದ್ದಾನೆ. ಜೊಂಡನ್ನು ನೀರಲ್ಲಿ ನೆನೆಹಾಕಿ, ಒಳಗಿನ ತಿರುಳಿಗೆ ಆಸರೆಯಾಗಿ ಒಂದೇ ಒಂದು ಎಳೆ ಸಿಪ್ಪೆ ಬಿಟ್ಟು ಉಳಿದದ್ದನ್ನು ಸುಲಿದು, ಒಣಗಿಸಿ, ಕರಗಿದ ಕೊಬ್ಬಿನಲ್ಲಿ ಅದ್ದುವುದು. ಅವನು ಗಡಿಯಾರ ಹಿಡಿದು ನೋಡಿದ್ದ. ಎರಡು ಅಡಿ ನಾಲ್ಕೂವರೆ ಇಂಚಿನ ಜೊಂಡು ಗಂಟೆಗೆ ಮೂರೇ ನಿಮಿಷ ಕಡಿಮೆ ಉರಿಯಿತು. ಒಂದು ಫಾರ್ದಿಂಗಿಗೆ, ಅಂದರೆ ಕಾಲು ಪೆನ್ನಿಗೆ, ಬಡ ಸಂಸಾರಕ್ಕೆ ಐದೂವರೆ ಗಂಟೆ ಬೆಳಕು ಎಂದು ಲೆಕ್ಕ ಕಟ್ಟಿದ. ಸುಂಕದ ಮಾತು ಹಾಗಿರಲಿ, ಗಮನಿಸಬೇಕಾದ್ದು ಬೇರೊಂದಿದೆ. ಜೊಂಡಿನ ದೀಪಕ್ಕೆ ಕತ್ತರಿ ಬೇಕಿರಲಿಲ್ಲ. ಕಬ್ಬಿಣದ ಇಕ್ಕಳದಲ್ಲಿ ಓರೆಯಾಗಿ ಹಿಡಿದಿದ್ದರಿಂದ ತುದಿ ಉರಿಯ ಹೊರಗೆ ಚಾಚಿ, ಗಾಳಿ ತಗುಲಿ, ತಿರುಳು ಪೂರ್ತಿ ಬೂದಿಯಾಗಿ ಉದುರುತ್ತಿತ್ತು. ಆಗಾಗ ಮುಂದಕ್ಕೆ ತಳ್ಳಬೇಕಿತ್ತು, ಅಷ್ಟೆ. ಬೆಳ್ಳಿಯ ಕತ್ತರಿಯ ಮನೆಯಲ್ಲಿ ಬಗೆಹರಿಯದ ಸಮಸ್ಯೆ ಗುಡಿಸಲಿನಲ್ಲಿ ಬಗೆಹರಿದಿತ್ತು. ಗುಡಿಸಲಿನವರು ಹೆಚ್ಚು ಜಾಗರೂಕರೆಂದಲ್ಲ, ಅವರು ಹಿಡಿದ ಪದಾರ್ಥ ಮತ್ತು ಅದನ್ನು ಹಿಡಿದ ಕೋನ ಹಾಗಿತ್ತು.

ಅದೇ ಉಪಾಯ ನಗರದ ಬತ್ತಿಗೆ ಬರಲು ಫ್ರಾನ್ಸಿನ ಇಬ್ಬರ ಕೆಲಸ ಕೂಡಬೇಕಾಯಿತು. ಮಿಶೆಲ್ ಶೆವ್ರೆಲ್ ಎಂಬ ರಸಾಯನ ವಿಜ್ಞಾನಿ 1811ರಿಂದ ಪ್ರಾಣಿಗಳ ಕೊಬ್ಬನ್ನು ಬಿಡಿಸಿ ನೋಡುತ್ತ ಬಂದ. 1823ರ ಅವನ ಗ್ರಂಥ ತೋರಿಸಿದ್ದು ಇಷ್ಟು: ಕೊಬ್ಬು ಎಂಬುದು ಗ್ಲಿಸರಿನ್ ಮತ್ತು ಹಲವು ಆಮ್ಲಗಳು ಸೇರಿ ಆದದ್ದು, ಅದರಲ್ಲಿ ಸ್ಟಿಯರಿಕ್ ಆಮ್ಲವನ್ನು ಬೇರ್ಪಡಿಸಿದರೆ ಗಟ್ಟಿಯಾದ, ಬಿಳಿಯ, ಜಿಡ್ಡಿಲ್ಲದ, ವಾಸನೆಯಿಲ್ಲದ ವಸ್ತು ಸಿಗುತ್ತದೆ. 1825ರಲ್ಲಿ ಇನ್ನೊಬ್ಬ ರಸಾಯನ ವಿಜ್ಞಾನಿ ಗೇ-ಲುಸಾಕ್ ಜೊತೆ ಸೇರಿ ಪೇಟೆಂಟ್ ತೆಗೆದನಾದರೂ ಅವರ ವ್ಯಾಪಾರ ನಡೆಯಲಿಲ್ಲ. ವಸ್ತು ಒಳ್ಳೆಯದಾದರೂ ಹೊಸೆದ ದಾರ ಅದಕ್ಕೆ ಒಗ್ಗಲಿಲ್ಲ. ಅದೇ ಸುಮಾರಿಗೆ ಕಾಂಬಸೆರೆಸ್ ಎಂಬ ಎಂಜಿನಿಯರು ದಾರವನ್ನು ಹೊಸೆಯುವ ಬದಲು ಜಡೆಯಂತೆ ಚಪ್ಪಟೆಯಾಗಿ ಹೆಣೆದ. ಹೆಣೆದ ದಾರ ಕಾವಿಗೆ ಸಡಿಲವಾಗಿ ಒಂದು ಪಕ್ಕಕ್ಕೆ ಬಾಗುತ್ತದೆ, ಅದರ ತುದಿ ಉರಿಯ ಅಂಚನ್ನು ದಾಟಿ ಹೊರಗಿಣುಕುತ್ತದೆ. ಉರಿ ಅತಿ ಬಿಸಿಯಾಗಿರುವುದೂ ಗಾಳಿ ಧಾರಾಳವಾಗಿ ಸಿಗುವುದೂ ಅಲ್ಲಿಯೇ. ಇದ್ದಿಲಾಗಿ ನಿಲ್ಲುತ್ತಿದ್ದ ತುದಿ ಅಲ್ಲಿ ಕ್ಷಣಕ್ಷಣಕ್ಕೂ ಸುಟ್ಟು ಹೋಗುತ್ತದೆ. 1830ರ ದಶಕದಲ್ಲಿ ಪ್ಯಾರಿಸ್ಸಿನ ಅಡಾಲ್ಫ್ ದ ಮಿಲ್ಲಿ ಸುಣ್ಣದ ನೆರವಿನಿಂದ ಕೊಬ್ಬನ್ನು ಒಡೆಯುವ ಅಗ್ಗದ ವಿಧಾನ ಹಿಡಿದ, ದಾರವನ್ನು ಬೋರಿಕ್ ಆಮ್ಲದಲ್ಲಿ ಅದ್ದಿ ಉಳಿದ ಚೂರು ಬೂದಿಯೂ ಮಣಿಯಾಗಿ ಕರಗಿ ಬೀಳುವಂತೆ ಮಾಡಿದ. ಆಳು ನಿಂತು ಮಾಡುತ್ತಿದ್ದ ಕೆಲಸ ಹೆಣಿಗೆಯ ಒಂದು ಬಾಗಿನೊಳಗೆ ಸೇರಿಹೋಯಿತು.

ಬ್ರಿಟನ್ನಿನಲ್ಲಿ ಸುಂಕ 1831ರಲ್ಲಿ ರದ್ದಾಯಿತು. 1834ರಲ್ಲಿ ಜೋಸೆಫ್ ಮಾರ್ಗನ್ ಅಚ್ಚಿನಿಂದ ಬತ್ತಿಗಳನ್ನು ತಾನೇ ಹೊರದೂಡುವ ಯಂತ್ರ ತಂದ. 1840ರ ಫೆಬ್ರವರಿಯಲ್ಲಿ ವಿಕ್ಟೋರಿಯಾ ರಾಣಿಯ ಮದುವೆಗೆ ಲಂಡನ್ನಿನ ಜನ ಕಿಟಕಿಗಳಲ್ಲಿ ದೀಪ ಇಡುವ ಸಂದರ್ಭ ನೋಡಿಕೊಂಡು ಪ್ರೈಸ್ ಕಂಪನಿ, ಸ್ಟಿಯರಿಕ್ ಆಮ್ಲಕ್ಕೆ ತೆಂಗಿನೆಣ್ಣೆಯ ಗಟ್ಟಿ ಭಾಗ ಬೆರೆಸಿದ, ಕತ್ತರಿ ಬೇಡದ ಅಗ್ಗದ ಬತ್ತಿಯನ್ನು ಮಾರುಕಟ್ಟೆಗೆ ಬಿಟ್ಟಿತು. 1850ರಲ್ಲಿ ಜೇಮ್ಸ್ ಯಂಗ್ ಕಲ್ಲಿದ್ದಲಿನಿಂದ ಪ್ಯಾರಫಿನ್ ತೆಗೆಯಲು ಪೇಟೆಂಟ್ ಪಡೆದ. ಅದೇ ದಶಕದಲ್ಲಿ ಪ್ರೈಸ್ ಕಂಪನಿ ಬರ್ಮಾದ ನೆಲದೆಣ್ಣೆಯನ್ನು ಹಡಗಿನಲ್ಲಿ ತರಿಸಿ ಅದರಿಂದಲೂ ಮೇಣ ತೆಗೆಯಿತು. ಮೈಕೆಲ್ ಫ್ಯಾರಡೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗೆ ಮೇಣದಬತ್ತಿಯ ರಸಾಯನ ಕುರಿತು ಕೊಟ್ಟ ಹೆಸರಾಂತ ಉಪನ್ಯಾಸಗಳು, 1848ರಲ್ಲೊಮ್ಮೆ 1860ರ ಕ್ರಿಸ್‌ಮಸ್ಸಿನಲ್ಲಿ ಇನ್ನೊಮ್ಮೆ, ಈ ಬದಲಾವಣೆಯ ನಡುವೆಯೇ ನಡೆದವು. ಉರಿಯ ಸುತ್ತ ಮೇಲೇರುವ ತಣ್ಣನೆ ಗಾಳಿ ಬತ್ತಿಯ ಹೊರ ಅಂಚನ್ನು ಗಟ್ಟಿಯಾಗಿ ಉಳಿಸುವುದರಿಂದಲೇ ನಡುವೆ ಕರಗಿದ ಮೇಣಕ್ಕೆ ಬಟ್ಟಲು ಸಿಗುತ್ತದೆ ಎಂದು ಅವನು ತೋರಿಸಿದ. ನೋಡಲು ಚೆಂದವೆಂದು ಗೀರು ಗೀರಾಗಿ ಎರೆದ ಬತ್ತಿಗಳು ಸೋರುವುದೂ ಇದರಿಂದಲೇ, ಅಂಕುಡೊಂಕಿನಲ್ಲಿ ಗಾಳಿ ಒಂದೇ ಸಮ ಏರುವುದಿಲ್ಲ. ಗಾಳಿ ಬೀಸುವೆಡೆ ಬತ್ತಿ ಇಡಬೇಡಿ ಎಂಬ ಇವತ್ತಿನ ನಿಯಮಕ್ಕೆ ಕಾರಣವೂ ಇದೇ ಬಟ್ಟಲು.

ಇಷ್ಟಕ್ಕೆ ಒಂದು ಆಕ್ಷೇಪ ಬರಬಹುದು. ಅನಿಲದ ದೀಪ ಬಂತು, ಆಮೇಲೆ ವಿದ್ಯುತ್ ಬಂತು, ಜನ ಬತ್ತಿಯನ್ನೇ ಬಿಟ್ಟರು, ಬೆಂಕಿ ಕಡಿಮೆಯಾಯಿತು, ಅದರಲ್ಲಿ ಹೆಣಿಗೆಯ ಹೆಚ್ಚುಗಾರಿಕೆ ಏನು ಎಂದು. ಆದರೆ ಬೀದಿಯಲ್ಲಿ ಅನಿಲದ ದೀಪ ಉರಿಯುತ್ತಿದ್ದ ದಶಕಗಳಲ್ಲೇ ಮನೆಯೊಳಗೆ ಬತ್ತಿಯ ವ್ಯಾಪಾರ ಬೆಳೆಯಿತು, ಕೋಣೆಯಿಂದ ಕೋಣೆಗೆ ಒಯ್ಯಲು ಬೇರೆ ದಾರಿಯಿರಲಿಲ್ಲ. ವಿದ್ಯುತ್ ಮನೆಮನೆಗೆ ಬರುವ ಎಷ್ಟೋ ಮೊದಲೇ ಕರಿ ಕತ್ತರಿ ಹಳೆಯ ವಸ್ತುಗಳ ಅಂಗಡಿ ಸೇರಿತ್ತು. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಕಾರ್ಖಾನೆಯವನನ್ನು ಇಷ್ಟು ನಂಬಬಹುದೇ? ನಂಬಬಾರದು ಎನ್ನಲು ಸಾಕ್ಷ್ಯ ಬೇಕಾದಷ್ಟಿದೆ. ಸ್ಟಿಯರಿಕ್ ಆಮ್ಲ ಹರಳುಗಟ್ಟಿ ಪುಡಿಯಾಗದಿರಲೆಂದು ಕೆಲವರು ಅದಕ್ಕೆ ಬಿಳಿ ಪಾಷಾಣ, ಅಂದರೆ ಆರ್ಸೆನಿಕ್, ಬೆರೆಸುತ್ತಿದ್ದುದನ್ನು 1837ರಲ್ಲಿ ಲಂಡನ್ನಿನ ವೈದ್ಯರ ಸಂಘವೊಂದು ಬಯಲಿಗೆ ತಂದಿತು. ದಾರ ನೆಟ್ಟಗೆ ನಿಲ್ಲಲೆಂದು ಅದರೊಳಗೆ ಸೀಸದ ತಂತಿ ಇಡುವುದನ್ನು ಅಮೆರಿಕ ನಿಷೇಧಿಸಿದ್ದು 2003ರಲ್ಲಿ. ಎರಡೂ ಸಲ ವಿಷ ಮನೆಯ ಗಾಳಿಗೆ ಸೇರಿತು. ಆದರೆ ಈ ಪ್ರಸಂಗಗಳು ನನ್ನ ವಾದವನ್ನು ಕೆಡಿಸುವುದಿಲ್ಲ, ಗಟ್ಟಿ ಮಾಡುತ್ತವೆ. ಉರಿಯುತ್ತಿರುವ ಬತ್ತಿಯಲ್ಲಿ ಪಾಷಾಣವಿದೆಯೋ ಸೀಸವಿದೆಯೋ ಎಂದು ಎಷ್ಟೇ ಎಚ್ಚರದ ಗೃಹಿಣಿಯೂ ನೋಡಿ ಹೇಳಲಾರಳು. ಮಾಡುವವನ ಕೈ ಹಿಡಿದು ನಿಲ್ಲಿಸಿದಾಗಲೇ ಅದು ನಿಂತದ್ದು.

ಕರ್ನಾಟಕದ ಮನೆಗಳಿಗೆ ಬಂದದ್ದು ಈ ಕತೆಯ ಕೊನೆಯ ಅಧ್ಯಾಯದ ಬತ್ತಿ. ಕೊಬ್ಬಿನ ವಾಸನೆಯೂ ಕತ್ತರಿಯ ಗೋಜೂ ಇಲ್ಲಿನ ನೆನಪಿನಲ್ಲಿಲ್ಲ. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿದ ಮೇಲೆ ಪ್ಯಾರಫಿನ್ ಬತ್ತಿ ನಿಧಾನಕ್ಕೆ ಕರೆಂಟಿನ ಜೊತೆಗಾರನಾಗಿ ಬೆಳೆಯಿತು. ಕರೆಂಟು ಹೋದಾಗ ಹುಡುಕುವುದು, ತಟ್ಟೆಯ ಮೇಲೆ ಎರಡು ಹನಿ ಮೇಣ ಬೀಳಿಸಿ ಅದರಲ್ಲಿ ಊರಿ ನಿಲ್ಲಿಸುವುದು, ಕರೆಂಟು ಬಂದ ಕೂಡಲೇ ಊದಿ ಡ್ರಾಯರಿಗೆ ಹಾಕುವುದು. ಅದನ್ನು ನೋಡಿಕೊಳ್ಳಬೇಕು ಎಂಬ ಅಭ್ಯಾಸವೇ ಹುಟ್ಟಲಿಲ್ಲ, ಹುಟ್ಟುವ ಅಗತ್ಯವನ್ನು ಹೆಣೆದ ದಾರ ಮೊದಲೇ ತೆಗೆದುಹಾಕಿತ್ತು. ಅದೇ ಮನೆಯ ದೇವರ ಮುಂದಿನ ಎಣ್ಣೆ ದೀಪದ ಮರ್ಯಾದೆ ನೋಡಿ. ಕರಿ ತೆಗೆಯಬೇಕು, ಬತ್ತಿ ಮುಂದೆ ಮಾಡಬೇಕು, ಎಣ್ಣೆ ಹಾಕಬೇಕು, ಮರುದಿನ ಹುಣಸೆಹಣ್ಣು ಹಚ್ಚಿ ಉಜ್ಜಬೇಕು. ಸೀಮೆಎಣ್ಣೆ ಲಾಂದ್ರದ ಗಾಜನ್ನು ಬೂದಿ ಹಾಕಿ ಒರೆಸುತ್ತಿದ್ದವರೂ ಇದೇ ಜನ. ಒಂದೇ ಮನೆಯವರು ಎಣ್ಣೆ ದೀಪಕ್ಕೆ ಅಷ್ಟು ಶ್ರದ್ಧೆ, ಮೇಣದಬತ್ತಿಗೆ ಇಷ್ಟು ಉದಾಸೀನ ತೋರಿದ್ದಕ್ಕೆ ಭಕ್ತಿಯೊಂದೇ ಕಾರಣವಲ್ಲ. ಒಂದು ಕೈ ಬೇಡುವ ವಸ್ತು, ಇನ್ನೊಂದು ಬೇಡದ್ದು.

ಮೇಲಿನ ವಾದಕ್ಕೆ ನಿಜವಾದ ಮಿತಿ ಎಲ್ಲಿದೆ ಎಂದರೆ, ಇಡುವ ಜಾಗದಲ್ಲಿ. ಎಷ್ಟೇ ಜಾಣ ಹೆಣಿಗೆಯೂ ಪರದೆಯನ್ನು ದೂರ ಸರಿಸದು. ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷತಾ ಸಂಘ ವರ್ಷಗಳಿಂದ ಇಟ್ಟಿರುವ ಲೆಕ್ಕದ ಪ್ರಕಾರ ಮೇಣದಬತ್ತಿಯಿಂದ ಮನೆಗೆ ಬಿದ್ದ ಬೆಂಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ಉರಿಯುವಂಥ ವಸ್ತು ತೀರಾ ಹತ್ತಿರ ಇದ್ದದ್ದರಿಂದ ಆದವು. ಇದು ಬಳಸುವವರ ಪಾಲಿನ ಎಚ್ಚರವೇ, ಅಲ್ಲವೆನ್ನಲಾಗದು. ಆದರೂ ಅದೇ ಲೆಕ್ಕದ ಇನ್ನೊಂದು ಮುಖವಿದೆ. ಆ ದೇಶದಲ್ಲಿ ಇಂಥ ಬೆಂಕಿಗಳು 2001ರಲ್ಲಿ ಅತಿ ಹೆಚ್ಚಾಗಿದ್ದು, ಮುಂದಿನ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿದವು. ಬತ್ತಿಗೆ ಮಾನದಂಡಗಳು ಬಂದದ್ದು ಅದೇ ಆಸುಪಾಸಿನಲ್ಲಿ. ಉರಿ ಇಷ್ಟಕ್ಕಿಂತ ಎತ್ತರ ಏಳಬಾರದು, 10 ಡಿಗ್ರಿ ಓರೆಯ ಹಲಗೆಯ ಮೇಲೆ ಇಟ್ಟರೂ ಬತ್ತಿ ಉರುಳಬಾರದು, ಮೇಣ ಮುಗಿದಾಗ ಮತ್ತೊಂದಕ್ಕೆ ಹೊತ್ತಿಕೊಳ್ಳದೆ ತಾನೇ ಆರಬೇಕು, ಗಾಜು ಕಾವಿಗೆ ಒಡೆಯಬಾರದು. ಬ್ಯಾಟರಿಯ ಹುಸಿ ಬತ್ತಿಗಳು ಬಂದದ್ದೂ ಈ ಇಳಿಕೆಗೆ ಕಾರಣವಿರಬಹುದು, ಎಲ್ಲವನ್ನೂ ಮಾನದಂಡದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಜನ ಆ ಹೊತ್ತಿಗೆ ಇದ್ದಕ್ಕಿದ್ದಂತೆ ಜಾಗರೂಕರಾದರು ಎಂದು ನಂಬಲು ನನಗೆ ಆಧಾರ ಕಾಣುವುದಿಲ್ಲ.

ಹಾಗಿದ್ದರೆ ಕತ್ತರಿ ಏಕೆ ಮರಳಿ ಬಂತು? ಉತ್ತರ ಗಾಜಿನ ಲೋಟದಲ್ಲಿದೆ. ಬಿಡಿ ಬತ್ತಿಯಲ್ಲಿ ದಾರ ಪಕ್ಕಕ್ಕೆ ಬಾಗಿದರೆ ಒಳ್ಳೆಯದು. ಲೋಟದೊಳಗೆ ಬಾಗಿದರೆ ಉರಿ ಒಂದು ಬದಿಯ ಗಾಜನ್ನೇ ಕಾಯಿಸುತ್ತದೆ. ಅದಕ್ಕಾಗಿ ಲೋಟದ ಬತ್ತಿಗಳಲ್ಲಿ ಬಹಳಷ್ಟಕ್ಕೆ ಒಳಗೆ ಕಾಗದವೋ ಹತ್ತಿಯೋ ಸತುವೋ ಇಟ್ಟು ಬಿಗಿಮಾಡಿದ ದಾರ ಹಾಕುತ್ತಾರೆ, ಅದು ನೆಟ್ಟಗೆ ನಿಲ್ಲುತ್ತದೆ. ನೆಟ್ಟಗೆ ನಿಂತ ದಾರ ಹದಿನೆಂಟನೆಯ ಶತಮಾನದ ಹೊಸೆದ ದಾರದಂತೆಯೇ ಉರಿಯ ಒಡಲಲ್ಲಿ ಇದ್ದಿಲಾಗಿ ತಲೆಯ ಮೇಲೆ ಗಂಟು ಕಟ್ಟುತ್ತದೆ. ಸುವಾಸನೆಯ ಎಣ್ಣೆ ಆ ಮಸಿಯನ್ನು ಹೆಚ್ಚಿಸುತ್ತದೆ, ಲೋಟದ ಗೋಡೆ ಗಾಳಿಯನ್ನು ತಡೆಯುತ್ತದೆ. ಹೀಗೆ ನೋಡಿದರೆ ಚೀಟಿಯ ಒಂದೊಂದು ಸಾಲೂ ಲೋಟದ ಒಂದೊಂದು ತೊಡಕು. ನಾಲ್ಕು ಗಂಟೆಯ ಮಿತಿ ಕಟ್ಟುತ್ತಿರುವ ಕರಿಗೂ ಕಾಯುತ್ತಿರುವ ಗಾಜಿಗೂ. ತಳದಲ್ಲಿ ಅರ್ಧ ಇಂಚು ಬಿಡುವುದು ಉರಿ ಗಾಜಿನ ತಳಕ್ಕೆ ತಾಗಿ ಸೀಳದಿರಲೆಂದು. ಮೊದಲ ಸಲ ಮೇಣ ಅಂಚಿನವರೆಗೂ ಕರಗುವಷ್ಟು ಹೊತ್ತು ಉರಿಸಿ ಎನ್ನುವುದು, ಇಲ್ಲವಾದರೆ ನಡುವೆ ಬಾವಿ ತೋಡಿಕೊಂಡು ದಾರ ಮುಳುಗುತ್ತದೆ ಎಂದು. ಒಂದು ಮಾತನ್ನು ಮಾತ್ರ ಚೀಟಿಗಳು ಸಣ್ಣ ಅಕ್ಷರದಲ್ಲಿ ಹೇಳುತ್ತವೆ, ದಪ್ಪಕ್ಷರದಲ್ಲಿ ಹೇಳಬೇಕಿತ್ತು. ಲೋಟದ ಮೇಣವೇ ಹೊತ್ತಿಕೊಂಡರೆ ನೀರು ಹಾಕಬಾರದು. ಕಾದ ಮೇಣದ ಅಡಿಗೆ ಇಳಿದ ನೀರು ತಟ್ಟನೆ ಹಬೆಯಾಗಿ, ಉರಿಯುವ ಮೇಣವನ್ನು ಮೇಲಕ್ಕೆ ಎರಚುತ್ತದೆ. ಬಾಣಲೆಯ ಎಣ್ಣೆಗೆ ಬೆಂಕಿ ಹಿಡಿದಾಗ ಮಾಡುವಂತೆ ಮುಚ್ಚಳ ಮುಚ್ಚಿ ಗಾಳಿ ತಪ್ಪಿಸಬೇಕು.

ಈಗ ಬೆಂಗಳೂರಿನಂಥ ಊರುಗಳಲ್ಲಿ ಅಡುಗೆಮನೆಯ ಒಲೆಯ ಮೇಲೆಯೇ ಸೋಯಾ ಮೇಣ ಕರಗಿಸಿ, ಮಲ್ಲಿಗೆಯದೋ ಕಾಫಿಯದೋ ಪರಿಮಳ ಬೆರೆಸಿ, ಚೆಂದದ ಲೋಟಗಳಿಗೆ ಎರೆದು ಮೊಬೈಲಿನಲ್ಲೇ ವ್ಯಾಪಾರ ಮಾಡುವವರಿದ್ದಾರೆ. 1709ರ ಕಾಯಿದೆ ಇಂಗ್ಲೆಂಡಿನ ಮನೆಗಳಲ್ಲಿ ಅಪರಾಧ ಮಾಡಿದ್ದ ಕೆಲಸ ಇಲ್ಲಿ ಒಳ್ಳೆಯ ಕಸುಬಾಗಿದೆ, ಆಗಲಿ. ಅವರು ಪರಿಮಳದ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತಾರೆ, ದಾರದ ಬಗ್ಗೆ ಮಾತು ಕಡಿಮೆ. ಲೋಟದ ಅಗಲಕ್ಕೆ ದಾರ ದಪ್ಪವಾದರೆ ಉರಿ ಎತ್ತರ ಎದ್ದು ಗಾಜು ಕಾಯುತ್ತದೆ, ಸಣ್ಣದಾದರೆ ಬಾವಿ ತೋಡುತ್ತದೆ. ಸೋಯಾ ಮೇಣಕ್ಕೆ ಹೊಂದುವ ದಾರ ಪ್ಯಾರಫಿನ್ನಿಗೆ ಹೊಂದಬೇಕೆಂದಿಲ್ಲ, ಪರಿಮಳ ಬದಲಾದರೂ ಲೆಕ್ಕ ಬದಲಾಗುತ್ತದೆ. ಅದಕ್ಕೇ ಈ ಕಸುಬು ಬಲ್ಲವರು ಹೊಸ ಲೋಟವಾಗಲಿ ಹೊಸ ಪರಿಮಳವಾಗಲಿ ಹಿಡಿದಾಗ ಬೇರೆಬೇರೆ ಗಾತ್ರದ ದಾರ ಹಾಕಿದ ನಾಲ್ಕಾರು ಬತ್ತಿಗಳನ್ನು ತಳ ಕಾಣುವವರೆಗೆ ಉರಿಸಿ, ಗಾಜಿನ ಬಿಸಿಯನ್ನೂ ಉರಿಯ ಎತ್ತರವನ್ನೂ ಬರೆದಿಟ್ಟುಕೊಂಡು ಆಮೇಲೆ ಮಾರುತ್ತಾರೆ. ಕೊಳ್ಳುವವರು ಪರಿಮಳ ಮೂಸಿ ನೋಡುವಾಗ ಇದನ್ನೂ ಒಂದು ಮಾತು ಕೇಳಬಹುದು: ಈ ಲೋಟದಲ್ಲಿ, ಈ ದಾರ ಹಾಕಿ, ಕೊನೆಯವರೆಗೆ ಉರಿಸಿ ನೋಡಿದ್ದೀರಾ?